ಸಲಿಯೇರಿ ವಿಷವಿಕ್ಕಿದ್ದು ನಿಜವೇ?

ಮೊಜಾರ್ಟ್ ಅವರ ಹೆಸರು ನಮ್ಮ ಗಾಯನ ಮಂಡಳಿಗಳಿಗೆ ಹೊಸದೇನಲ್ಲ. ಅಂತೋನಿಯೊ ಸಲಿಯೇರಿ ಅವರ ಹೆಸರನ್ನು ಮಾತ್ರ ಹೆಚ್ಚಿನವರು ಕೇಳಿರುವುದು ಹೊಟ್ಟೆಕಿಚ್ಚಿನಿಂದ ಮೊಜಾರ್ಟರ ಸಾವಿಗೆ ಕಾರಣರಾದವರೆಂದು. 1984ರಲ್ಲಿ ತೆರೆಕಂಡು ಎಂಟು ಆಸ್ಕರ್ ಗಳಿಸಿದ 'ಅಮೆಡಿಯಸ್' ಚಿತ್ರ ಈ ನಂಬಿಕೆಯನ್ನು ಇನ್ನಷ್ಟು ಬಲಪಡಿಸಿತು.

ಇಬ್ಬರ ನಡುವೆ ಪೈಪೋಟಿ ಇದ್ದದ್ದು ನಿಜ. ಅಂದಿನ ವಿಯೆನ್ನಾದಲ್ಲಿ ಸಂಗೀತಗಾರರ ಹೊಟ್ಟೆಪಾಡು ಅರಮನೆಯ ಹುದ್ದೆ ಹಾಗೂ ಶ್ರೀಮಂತರ ಮನೆಪಾಠಗಳನ್ನು ಅವಲಂಬಿಸಿತ್ತು. ಇಟಲಿಯಲ್ಲಿ ಜನಿಸಿದ ಸಲಿಯೇರಿಯವರು 1766ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ, ಆ ನಗರಕ್ಕೆ ಬಂದಿದ್ದರು. ಮೊಜಾರ್ಟ್ ಅಲ್ಲಿ ನೆಲೆಸಿದ್ದು 1781ರಲ್ಲಿ. ಅದೇ ವರ್ಷ ರಾಜಕುಮಾರಿಯೊಬ್ಬರಿಗೆ ಸಂಗೀತ ಕಲಿಸುವ ಕೆಲಸ ಮೊಜಾರ್ಟರ ಕೈತಪ್ಪಿ ಸಲಿಯೇರಿಯವರ ಪಾಲಾಯಿತು. ಚಕ್ರವರ್ತಿಗೆ ಸಲಿಯೇರಿ ಒಬ್ಬರೇ ಬೇಕು ಎಂದು ಮೊಜಾರ್ಟ್ ತಂದೆಗೆ ಬರೆದು ದೂರಿಕೊಂಡರು. 1786ರ ಫೆಬ್ರವರಿ 7ರಂದು ಚಕ್ರವರ್ತಿ ಎರಡನೇ ಜೋಸೆಫ್ ಇವರಿಬ್ಬರ ಕೃತಿಗಳನ್ನೂ ಒಂದೇ ಸಂಜೆ ಶೋನ್‌ಬ್ರುನ್ ಅರಮನೆಯಲ್ಲಿ ಪ್ರದರ್ಶಿಸಿದಾಗ ಸಲಿಯೇರಿಯವರಿಗೆ 100 ಚಿನ್ನದ ನಾಣ್ಯ ದೊರೆತರೆ ಮೊಜಾರ್ಟರಿಗೆ 50. (ಸಲಿಯೇರಿಯವರ ಕೃತಿಯಲ್ಲಿ ಹಾಡುಗಳು ಹೆಚ್ಚಿದ್ದವು ಎಂಬುದನ್ನೂ ಹೇಳಬೇಕು.) 1788ರಲ್ಲಿ ಆಸ್ಥಾನದ ಸಂಗೀತ ಮುಖ್ಯಸ್ಥರಾದ ಸಲಿಯೇರಿ 1824ರ ತನಕವೂ ಆ ಸ್ಥಾನದಲ್ಲಿದ್ದರು.

1791ರ ಡಿಸೆಂಬರ್ 5ರಂದು ಮೊಜಾರ್ಟ್ ತೀರಿಕೊಂಡಾಗ ಅವರಿಗೆ 35 ವರ್ಷ. ಸಂತ ಸ್ಟೀಫನರ ಕೆಥೆಡ್ರಲಿನ ಮರಣ ದಾಖಲೆಯಲ್ಲಿ ಬರೆದಿರುವುದು ಮೈಮೇಲೆ ಗುಳ್ಳೆಗಳೇಳುವ ತೀವ್ರ ಜ್ವರವೆಂದು. ದೇಹ ಊದಿಕೊಂಡಿದ್ದರಿಂದ ವಿಷದ ಗುಸುಗುಸು ಆ ತಿಂಗಳಲ್ಲೇ ಪತ್ರಿಕೆಗೆ ಬಂತು. ಆದರೆ ಸಲಿಯೇರಿಯವರ ಹೆಸರು ಊರೆಲ್ಲ ಹರಡಿದ್ದು ಮೂವತ್ತು ವರ್ಷಗಳ ನಂತರ, 1823ರ ಸುಮಾರಿಗೆ ಅವರು ಬುದ್ಧಿ ಸ್ಥಿಮಿತ ತಪ್ಪಿ ಹಾಸಿಗೆ ಹಿಡಿದಾಗ. 'ಅವರೇ ತಪ್ಪೊಪ್ಪಿಕೊಂಡರಂತೆ' ಎಂದು ಜನ ಆಡಿಕೊಂಡರು. ನೋಡಲು ಬಂದ ಹಳೆಯ ಶಿಷ್ಯ ಮೊಶೆಲೆಸ್ ಬಳಿ ವೃದ್ಧರು ಇದು ಶುದ್ಧ ಸುಳ್ಳೆಂದು ಆಣೆಯಿಟ್ಟು ಹೇಳಿದರು. ಅವರ ಆರೈಕೆ ಮಾಡುತ್ತಿದ್ದ ಇಬ್ಬರು ಸೇವಕರು ತಾವು ಅಂಥ ಮಾತನ್ನು ಕೇಳಿಯೇ ಇಲ್ಲವೆಂದು ಬರೆದುಕೊಟ್ಟರು. ಯಾರು ಕೇಳಬೇಕು? 1825ರಲ್ಲಿ ಅವರು ನಿಧನರಾದರು; 1830ರಲ್ಲಿ ರಷ್ಯದ ಕವಿ ಪುಷ್ಕಿನ್ ವಿಷದ ಕಥೆಯನ್ನೇ ನಾಟಕವಾಗಿಸಿದರು.

ನಮಗೆ ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿಯಾಗಿ ಕಾಣುವುದು ಮೊಜಾರ್ಟರ ಮನೆಯವರ ನಡತೆ. ಸಾಯುವುದಕ್ಕೆ ಎರಡು ತಿಂಗಳೂ ಇಲ್ಲದಿರುವಾಗ ಮೊಜಾರ್ಟ್ ತಮ್ಮ ಹೊಸ ಗೀತನಾಟಕ 'ಮಾಯಾ ಕೊಳಲು' ನೋಡಲು ಸಲಿಯೇರಿಯವರನ್ನು ತಾವೇ ಗಾಡಿಯಲ್ಲಿ ಕರೆದೊಯ್ದರು. ಅವರು ಪ್ರತಿ ಹಾಡಿಗೂ ಭಲೇ ಎಂದರೆಂದು ಹೆಂಡತಿಗೆ ಸಂತೋಷದಿಂದ ಬರೆದರು. ಮುಂದೆ ಮೊಜಾರ್ಟರ ಕಿರಿಯ ಮಗ ಸಂಗೀತ ಕಲಿತದ್ದು ಇದೇ ಸಲಿಯೇರಿಯವರಲ್ಲಿ. ಗಂಡನನ್ನು ಕೊಂದವನ ಬಳಿಗೆ ಯಾವ ತಾಯಿ ಮಗನನ್ನು ಪಾಠಕ್ಕೆ ಕಳುಹಿಸಿಯಾಳು?

ಬೆಥೋವನ್, ಶೂಬರ್ಟ್, ಲಿಸ್ಟ್ ಅವರಂಥವರಿಗೆ ಪಾಠ ಹೇಳಿದ ಈ ಗುರುವಿನ ಸಂಗೀತ ಬಹುಕಾಲ ಮೂಲೆಗೆ ಬಿದ್ದಿತ್ತು. 1778ರಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರ ಉದ್ಘಾಟನೆಯಾದದ್ದು ಅವರ ಗೀತನಾಟಕದಿಂದ. ನವೀಕರಣದ ಬಳಿಕ 2004ರಲ್ಲಿ ಮತ್ತೆ ಬಾಗಿಲು ತೆರೆದಾಗ ಅದನ್ನೇ ಪ್ರದರ್ಶಿಸಲಾಯಿತು. 2016ರಲ್ಲಿ ಪ್ರಾಗ್‌ನ ವಸ್ತುಸಂಗ್ರಹಾಲಯವೊಂದು ಕಳೆದುಹೋಗಿತ್ತೆಂದು ತಿಳಿದಿದ್ದ ಒಂದು ಹಾಡನ್ನು ಬೆಳಕಿಗೆ ತಂದಿತು. ದನಿ ಕಳೆದುಕೊಂಡಿದ್ದ ಗಾಯಕಿ ನಾನ್ಸಿ ಸ್ಟೊರೇಸ್ ಗುಣಮುಖರಾದ ಸಂತಸಕ್ಕೆ 1785ರಲ್ಲಿ ರಚಿಸಿದ ಆ ಹಾಡಿಗೆ ರಾಗ ಹಾಕಿದವರಲ್ಲಿ ಮೊಜಾರ್ಟ್ ಮತ್ತು ಸಲಿಯೇರಿ ಇಬ್ಬರೂ ಇದ್ದಾರೆ.