ಬಯಲಿಗೆ ಬಂದ ದುಃಖ

ಇಪ್ಪತ್ತೆರಡರ ಹುಡುಗನೊಬ್ಬ ಅಪ್ಪನನ್ನು ಕಳೆದುಕೊಂಡರೆ, ಸಾವಿನ ಮನೆಗೆ ಬಂದವರು ಅವನ ಹೆಗಲ ಮೇಲೆ ಕೈಯಿಟ್ಟು ಹೇಳುವ ಮಾತು ಬಹುತೇಕ ಒಂದೇ: "ಧೈರ್ಯ ತಂದ್ಕೋಪ್ಪಾ, ಇನ್ನು ಮನೆಗೆ ನೀನೇ ದಿಕ್ಕು." ಅಮ್ಮ ಅಳಬಹುದು, ಪುಟ್ಟ ತಂಗಿ ಅಳಬಹುದು. ಇವನ ಪಾಲಿಗೆ ಬರುವುದು ಮರಣ ಪ್ರಮಾಣಪತ್ರ, ಬ್ಯಾಂಕಿನ ಓಡಾಟ, ಅಡುಗೆಯವರ ಲೆಕ್ಕ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವನು ಹಾಸ್ಟೆಲ್ಲಿಗೋ ಬೆಂಗಳೂರಿನ ಪಿ.ಜಿ.ಗೋ ಮರಳುತ್ತಾನೆ. ಅಲ್ಲಿನ ಗೆಳೆಯರಲ್ಲಿ ಹೆಚ್ಚಿನವರು ಸಾವನ್ನು ಹತ್ತಿರದಿಂದ ಕಂಡವರಲ್ಲ. ಏನು ಮಾತಾಡಬೇಕೆಂದು ತೋಚದೆ ಮೊಬೈಲ್ ನೋಡುತ್ತ ಕೂರುತ್ತಾರೆ.

ಈ ಒಂಟಿತನ ನಮ್ಮ ಹುಡುಗರಿಗಷ್ಟೇ ಸೀಮಿತವಲ್ಲ. ಆಪ್ತರ ಸಾವಿನಿಂದ ಕಾಲೇಜು ವಿದ್ಯಾರ್ಥಿಗಳಿಗಾಗುವ ದುಃಖವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಡೇವಿಡ್ ಬಾಲ್ಕ್ ಅವರ ಅಂದಾಜಿನಂತೆ, ಅಲ್ಲಿನ ಪದವಿ ವಿದ್ಯಾರ್ಥಿಗಳಲ್ಲಿ ಶೇ. 22ರಿಂದ 30ರಷ್ಟು ಮಂದಿ ಆಪ್ತರೊಬ್ಬರನ್ನು ಕಳೆದುಕೊಂಡು ಇನ್ನೂ ವರ್ಷ ತುಂಬದವರು. ಅಂದರೆ ಒಂದು ತರಗತಿಯಲ್ಲಿ ನಾಲ್ಕರಲ್ಲಿ ಒಬ್ಬರು. ಆದರೂ ಪ್ರತಿಯೊಬ್ಬರೂ ತಾನೊಬ್ಬನೇ ಎಂದುಕೊಂಡಿರುತ್ತಾರೆ.

ಇಂಥವರನ್ನು ಬೆಟ್ಟಕ್ಕೋ ಹೊಳೆಗೋ ಕರೆದೊಯ್ಯುವ ಪ್ರಯೋಗಗಳು ಕೆಲವು ದೇಶಗಳಲ್ಲಿ ನಡೆದಿವೆ. ಅವುಗಳಲ್ಲಿ ಹೆಸರಾದದ್ದು ಔಟ್‌ವರ್ಡ್ ಬೌಂಡ್. ಅದು ಹುಟ್ಟಿದ್ದೇ ಸಾವಿನ ನೆರಳಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದಾಗ, ಜೀವರಕ್ಷಕ ದೋಣಿ ಹತ್ತಿದವರ ಪೈಕಿ ಗಟ್ಟಿಮುಟ್ಟಾದ ಎಳೆಯ ನಾವಿಕರೇ ಬೇಗ ಕೈಚೆಲ್ಲುತ್ತಾರೆ, ಹಳಬರು ಬದುಕಿ ಬರುತ್ತಾರೆ ಎಂದು ಹಡಗು ಕಂಪನಿಯ ಒಡೆಯ ಲಾರೆನ್ಸ್ ಹೋಲ್ಟ್ ಅವರಿಗೆ ಅನ್ನಿಸಿತ್ತು. ನಾಜಿಗಳಿಂದ ತಪ್ಪಿಸಿಕೊಂಡು ಬಂದಿದ್ದ ಶಿಕ್ಷಣತಜ್ಞ ಕುರ್ಟ್ ಹಾನ್ ಜೊತೆ ಸೇರಿ ಅವರು 1941ರಲ್ಲಿ ವೇಲ್ಸ್‌ನ ಅಬರ್ಡೋವಿಯಲ್ಲಿ ಶಾಲೆ ತೆರೆದರು. ಕಡಲು ಮತ್ತು ಬೆಟ್ಟವೇ ಅಲ್ಲಿನ ಪಾಠ. ಆ ಸಂಸ್ಥೆಯ ಅಮೆರಿಕದ ಶಾಖೆ ಈಗ ಆಪ್ತರನ್ನು ಕಳೆದುಕೊಂಡ ಹರೆಯದವರಿಗೇ ಬೇರೆ ತಂಡಗಳನ್ನು ಕಟ್ಟುತ್ತದೆ. ಹಗಲೆಲ್ಲ ಹೊರೆ ಹೊತ್ತು ನಡೆಯುವುದು, ಹಗ್ಗ ಹಿಡಿದು ಬಂಡೆ ಏರುವುದು, ದೋಣಿ ನಡೆಸುವುದು. ಸಂಜೆ ಸುತ್ತ ಕೂತು, ಹೇಳಬೇಕೆನ್ನಿಸಿದವರು ಹೇಳುವುದು. ತಂಡದಲ್ಲಿರುವ ಎಲ್ಲರೂ ಯಾರನ್ನೋ ಕಳೆದುಕೊಂಡವರೇ ಆದ್ದರಿಂದ ಯಾರಿಗೂ ಪೀಠಿಕೆ ಹಾಕಬೇಕಾಗಿಲ್ಲ. ನನ್ನ ಮಟ್ಟಿಗೆ ಬಂಡೆ ಏರುವುದಕ್ಕಿಂತ ಇದೇ ದೊಡ್ಡ ಔಷಧ.

ಬಯಲು ಏನು ಮಾಡುತ್ತದೆ? ಮೊದಲು ದುಃಖ ಮಿದುಳಿನಲ್ಲಿ ಏನು ಮಾಡುತ್ತದೆಂದು ನೋಡೋಣ. ಅರಿಜೋನಾದ ನರವಿಜ್ಞಾನಿ ಮೇರಿ-ಫ್ರಾನ್ಸಿಸ್ ಓಕಾನರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸ್ತನ ಕ್ಯಾನ್ಸರಿಗೆ ತಾಯಿಯನ್ನೋ ಅಕ್ಕತಂಗಿಯನ್ನೋ ಕಳೆದುಕೊಂಡ ಮಹಿಳೆಯರಿಗೆ ಸತ್ತವರ ಫೋಟೊ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ನೋವಿನ ಭಾಗಗಳು ಎಲ್ಲರಲ್ಲೂ ಚುರುಕಾದವು. ಆದರೆ ದುಃಖದಿಂದ ಹೊರಬರಲಾಗದೆ ತೊಳಲುತ್ತಿದ್ದವರಲ್ಲಿ ಮಾತ್ರ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗವೂ ಎಚ್ಚೆತ್ತಿತು. ಬೇಕಾದದ್ದು ಸಿಗಲಿದೆ ಎಂಬ ಹಂಬಲಕ್ಕೆ ಸಂಬಂಧಿಸಿದ ಭಾಗವದು. ಅಮ್ಮ ಬರುವುದಿಲ್ಲವೆಂದು ಬುದ್ಧಿಗೆ ಗೊತ್ತು, ಮಿದುಳಿನ ಇನ್ನೊಂದು ಮೂಲೆ ಇನ್ನೂ ಕಾಯುತ್ತಿದೆ. ಕಾಯುತ್ತ ಕಾಯುತ್ತ ಅದೇ ಯೋಚನೆ ಗಾಣದೆತ್ತಿನಂತೆ ಸುತ್ತತೊಡಗುತ್ತದೆ: ಆಸ್ಪತ್ರೆಗೆ ಒಂದು ದಿನ ಮೊದಲೇ ಹೋಗಿದ್ದರೆ, ಆ ರಾತ್ರಿಯ ಫೋನ್ ಎತ್ತಿದ್ದರೆ...

ಈ ಸುತ್ತಾಟದ ಮೇಲೆ ಹಸಿರು ಕೆಲಸ ಮಾಡುವುದನ್ನು ಸ್ಟ್ಯಾನ್‌ಫರ್ಡಿನ ಗ್ರೆಗರಿ ಬ್ರಾಟ್‌ಮನ್ ತಂಡ 2015ರಲ್ಲಿ ತೋರಿಸಿತು. 38 ಮಂದಿಯಲ್ಲಿ ಅರ್ಧದಷ್ಟು ಜನ ವಿಶ್ವವಿದ್ಯಾಲಯದ ಬಳಿಯ ಹುಲ್ಲುಗಾವಲಿನಲ್ಲಿ, ಓಕ್ ಮರಗಳ ನಡುವೆ 90 ನಿಮಿಷ ನಡೆದರು. ಉಳಿದವರು ಅಷ್ಟೇ ಹೊತ್ತು ವಾಹನ ಗಿಜಿಗುಟ್ಟುವ ಹೆದ್ದಾರಿಯ ಬದಿಯಲ್ಲಿ ನಡೆದರು. ಹುಲ್ಲುಗಾವಲಿನಲ್ಲಿ ನಡೆದವರಲ್ಲಿ ತನ್ನನ್ನೇ ಕೊರೆದುಕೊಳ್ಳುವ ಯೋಚನೆ ಕಡಿಮೆಯಾಯಿತು. ಅಂಥ ಯೋಚನೆಗೆ ಸಂಬಂಧಿಸಿದ, ಹಣೆಯ ಹಿಂದೆ ಆಳದಲ್ಲಿರುವ ಮಿದುಳಿನ ಭಾಗದ ಚಟುವಟಿಕೆಯೂ ಇಳಿಯಿತು. ಹೆದ್ದಾರಿಯವರಲ್ಲಿ ಎರಡೂ ಆಗಲಿಲ್ಲ. ನಡಿಗೆ ಎರಡು ಗುಂಪಿನವರಿಗೂ ಇತ್ತು, ಬದಲಾದದ್ದು ನಡೆದ ಜಾಗ. ಅವರು ಸಾವಿನ ದುಃಖದಲ್ಲಿದ್ದವರಲ್ಲ, ಆರೋಗ್ಯವಂತರು ಎಂಬುದನ್ನೂ ಹೇಳಿಬಿಡಬೇಕು.

ಮಿಚಿಗನ್ನಿನ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ಇದಕ್ಕೆ ಮುಂಚೆಯೇ ಕಾರಣವೊಂದನ್ನು ಸೂಚಿಸಿದ್ದರು. ಪರೀಕ್ಷೆ, ಟ್ರಾಫಿಕ್, ಮೊಬೈಲ್ ಪರದೆ ನಮ್ಮ ಗಮನವನ್ನು ಹಿಡಿದೆಳೆದು ದಣಿಸುತ್ತವೆ. ಹರಿಯುವ ನೀರು, ಅಲುಗುವ ಎಲೆ ಗಮನವನ್ನು ಹಗುರಾಗಿ ಸೆಳೆಯುತ್ತವೆ, ಬಲವಂತ ಮಾಡುವುದಿಲ್ಲ. ದಣಿದ ಮನಸ್ಸಿಗೆ ಆಗ ಬಿಡುವು ಸಿಗುತ್ತದೆ.

ಬಿಡುವು ಎಂದರೆ ಮರೆವಲ್ಲ. ದುಃಖಕ್ಕೆ ಐದು ಹಂತಗಳಿವೆ ಎಂಬ ಮಾತು ಈಗ ವಾಟ್ಸಾಪ್‌ವರೆಗೂ ಬಂದಿದೆ. ಅದನ್ನು 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್-ರಾಸ್ ಬರೆದದ್ದು ಸಾವಿನಂಚಿನಲ್ಲಿದ್ದ ರೋಗಿಗಳ ಬಗ್ಗೆ, ಉಳಿದುಹೋದವರ ಬಗ್ಗೆ ಅಲ್ಲ. ಸಂಶೋಧಕರು ಈಗ ಹೆಚ್ಚು ಒಪ್ಪುವುದು ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ಮಾದರಿಯನ್ನು. ದುಃಖಿತರು ಒಮ್ಮೆ ನಷ್ಟದ ಕಡೆ ವಾಲುತ್ತಾರೆ, ಒಮ್ಮೆ ಬದುಕಿನ ಕಡೆ. ಬೆಳಗ್ಗೆ ಅತ್ತವಳು ಮಧ್ಯಾಹ್ನ ನಕ್ಕರೆ ಅದು ತಪ್ಪಲ್ಲ, ಚೇತರಿಕೆ ನಡೆಯುವುದೇ ಹಾಗೆ. ಬೆಟ್ಟದ ದಾರಿ ಈ ಓಲಾಟಕ್ಕೆ ಹೇಳಿ ಮಾಡಿಸಿದ ಜಾಗ. ಏರು ಬಂದಾಗ ಉಸಿರು, ಕಾಲಡಿಯ ಕಲ್ಲು ಬಿಟ್ಟು ಬೇರೇನೂ ತಲೆಯಲ್ಲಿ ಇರುವುದಿಲ್ಲ. ಸಮತಟ್ಟು ಬಂದೊಡನೆ ಅಪ್ಪ ನೆನಪಾಗುತ್ತಾರೆ. ಪಕ್ಕದಲ್ಲಿ ನಡೆಯುವವರ ಮುಖ ನೋಡಬೇಕಿಲ್ಲದ್ದರಿಂದ ಕೋಣೆಯಲ್ಲಿ ಎದುರುಬದುರು ಕೂತಾಗ ಬಾರದ ಮಾತು ಇಲ್ಲಿ ತಾನಾಗಿ ಹೊರಡುತ್ತದೆ.

ದುಃಖದಲ್ಲಿ ನಡೆದವರ ಪೈಕಿ ಜಗತ್ತಿಗೆಲ್ಲ ಗೊತ್ತಾದವರು ಅಮೆರಿಕದ ಲೇಖಕಿ ಶೆರಿಲ್ ಸ್ಟ್ರೇಡ್. 1991ರಲ್ಲಿ, 22ನೇ ವಯಸ್ಸಿನಲ್ಲಿ, ಕ್ಯಾನ್ಸರಿಗೆ ತಾಯಿಯನ್ನು ಕಳೆದುಕೊಂಡರು. ಮದುವೆ ಮುರಿಯಿತು, ಹೆರಾಯಿನ್ ಅಂಟಿತು. 1995ರಲ್ಲಿ ಅವರು ಮೊಹಾವೆ ಮರುಭೂಮಿಯಿಂದ ಹೊರಟು ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಲ್ಲಿ ಸುಮಾರು 1,770 ಕಿ.ಮೀ. ಒಬ್ಬರೇ ನಡೆದರು. 2012ರಲ್ಲಿ ಬಂದ ಅವರ ಪುಸ್ತಕ 'ವೈಲ್ಡ್' ಸಿನಿಮಾ ಕೂಡ ಆಯಿತು. ಓದಿದವರಿಗೆ ಬ್ಯಾಗ್ ಕಟ್ಟುವ ಉಮೇದು ಬರುತ್ತದೆ, ಅದು ಸಹಜ. ಆದರೆ ತಾಯಿ ತೀರಿ ನಾಲ್ಕು ವರ್ಷದ ಮೇಲೆ ಹೊರಟವರು ಅವರು. ತಯಾರಿಯಿಲ್ಲದೆ ಹೊರಟು ಎತ್ತಲಾಗದ ಹೊರೆ ಹೊತ್ತರು, ಕಾಲ್ಬೆರಳಿನ ಉಗುರುಗಳನ್ನು ಕಳೆದುಕೊಂಡರು. ಸಾವಿನ ಮರುವಾರವೇ ಒಂಟಿಯಾಗಿ ಕುಮಾರಪರ್ವತ ಏರಲು ಹೊರಟವರನ್ನು ನಾನಂತೂ ತಡೆಯುತ್ತೇನೆ.

ಕಾಡಿನ ಹೆಸರಿನಲ್ಲಿ ಕೆಟ್ಟದ್ದೂ ನಡೆದಿದೆ. ಅಮೆರಿಕದಲ್ಲಿ ತೊಂದರೆಗೊಳಗಾದ ಮಕ್ಕಳನ್ನು ಅವರ ಇಚ್ಛೆಗೆ ವಿರುದ್ಧವಾಗಿ ಒಯ್ಯುವ ಖಾಸಗಿ ಶಿಬಿರಗಳಿವೆ. 2024ರ ಫೆಬ್ರುವರಿಯಲ್ಲಿ ನಾರ್ತ್ ಕ್ಯಾರೊಲೈನಾದ ಅಂಥದೊಂದು ಶಿಬಿರದಲ್ಲಿ 12 ವರ್ಷದ ಹುಡುಗ ಸತ್ತ, ಸರ್ಕಾರ ಅದರ ಪರವಾನಗಿ ರದ್ದು ಮಾಡಿತು. ದುಃಖದಲ್ಲಿರುವವರನ್ನು ಕರೆಯಬಹುದು, ಎಳೆದೊಯ್ಯುವಂತಿಲ್ಲ.

ದೊಡ್ಡ ಬೆಟ್ಟವೇ ಆಗಬೇಕೆಂದೂ ಇಲ್ಲ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ 2019ರ ಅಧ್ಯಯನದಲ್ಲಿ, ವಾರಕ್ಕೆ ಒಟ್ಟು 120 ನಿಮಿಷ ಹಸಿರಿನ ನಡುವೆ ಕಳೆದವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದದ್ದು ಹೆಚ್ಚು. ಒಂದೇ ಸಲವೋ ನಾಲ್ಕು ಸಲವೋ, ವ್ಯತ್ಯಾಸವಿರಲಿಲ್ಲ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಸಾಕು, ಬೆಂಗಳೂರಿನವರಿಗೆ ಲಾಲ್‌ಬಾಗ್, ಹಳ್ಳಿಯವರಿಗೆ ಹೊಲದ ಬದು.

ನಿಮ್ಮ ಗೆಳತಿಯೋ ತಮ್ಮನೋ ಈಗ ಇಂಥ ದಿನಗಳಲ್ಲಿದ್ದರೆ ಉಪದೇಶ ಬೇಡ. "ಬಾ, ಒಂದು ಸುತ್ತು ನಡೆದು ಬರೋಣ" ಎನ್ನಿ. ಮುಂದಿನ ವಾರವೂ ಎನ್ನಿ, ಏಕೆಂದರೆ ಎಲ್ಲರೂ ವಿಚಾರಿಸುವುದನ್ನು ನಿಲ್ಲಿಸುವುದು ಹದಿಮೂರನೇ ದಿನದ ನಂತರವೇ. ಆರು ತಿಂಗಳು, ವರ್ಷ ಕಳೆದರೂ ಹಂಬಲ ಒಂದಿಷ್ಟೂ ತಗ್ಗದೆ ಓದು, ಊಟ, ನಿದ್ದೆ ಕೆಟ್ಟಿದ್ದರೆ ಅದು ನಡಿಗೆಯಿಂದ ಹೋಗುವಂಥದ್ದಲ್ಲ. ದೀರ್ಘಕಾಲದ ದುಃಖವನ್ನು ವೈದ್ಯಕೀಯ ಕೈಪಿಡಿಗಳು ಈಗ ಚಿಕಿತ್ಸೆ ಬೇಕಾದ ಕಾಯಿಲೆಯೆಂದೇ ಗುರುತಿಸಿವೆ. ಸಾಯಬೇಕೆಂಬ ಮಾತು ಬಂದರಂತೂ ಆರು ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.