ಹೊಸ ಇನ್‌ಫ್ಲುಯೆಂಜಾ ಮತ್ತು ಆಸ್ಪತ್ರೆಯ ಸಿದ್ಧತೆ

ಮಾಟುಂಗದ ನೇರವಾದ, ಅಗಲವಾದ ಬೀದಿಗಳು ಒಂದು ಸಾಂಕ್ರಾಮಿಕ ರೋಗವು ಮುಂಬಯಿಗೆ ಕಲಿಸಿದ ಪಾಠದ ಫಲ. 1896ರಲ್ಲಿ ಪ್ಲೇಗು ತಲೆದೋರಿದ ಬಳಿಕ 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ದಾದರ-ಮಾಟುಂಗ ಬಡಾವಣೆಯನ್ನು ಗಾಳಿಬೆಳಕುಗಳಿಗೆ ಎಡೆಯಿರುವಂತೆ ರಚಿಸಿದುದು ಆ ಟ್ರಸ್ಟೇ. ಆದರೆ ಪ್ಲೇಗಿಗೆ ಇಲಿಯೂ ಚಿಗಟವೂ ಬೇಕು. ಇನ್‌ಫ್ಲುಯೆಂಜಾಕ್ಕೆ ಮನುಷ್ಯನ ಉಸಿರೊಂದೇ ಸಾಕು. ಬೀದಿಯನ್ನು ಅಗಲಗೊಳಿಸಿ ಅದನ್ನು ತಡೆಯಲಾಗದು.

1918ರಲ್ಲಿ ಈ ಸತ್ಯವು ನಗರಕ್ಕೆ ಮನದಟ್ಟಾಯಿತು. ಜೂನ್ 10ರಂದು ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಮೊದಲ ಅಲೆ ಇಳಿದ ಮೇಲೆ ಸೆಪ್ಟೆಂಬರಿನಲ್ಲಿ ಎರಡನೆಯದು ಎದ್ದಿತು; ಅಕ್ಟೋಬರ್ 6ರ ಒಂದೇ ದಿನ 768 ಮಂದಿ ಮಡಿದರು. ಆಗ ಲಸಿಕೆಯಿರಲಿಲ್ಲ, ಮನುಷ್ಯರಲ್ಲಿ ಈ ರೋಗವನ್ನುಂಟುಮಾಡುವ ವೈರಸ್ಸು ಗುರುತಾದದ್ದೇ 1933ರಲ್ಲಿ.

ಈ ವೈರಸ್ಸಿನ ಹೊರಮೈಯಲ್ಲಿ ಹಿಮಗ್ಲುಟಿನಿನ್, ನ್ಯೂರಮಿನಿಡೇಸ್ ಎಂಬ ಎರಡು ಪ್ರೋಟೀನುಗಳಿವೆ. ವರ್ಷವರ್ಷವೂ ಇವು ಅಷ್ಟಿಷ್ಟು ಬದಲಾಗುತ್ತವೆ. ಅಪರೂಪಕ್ಕೊಮ್ಮೆ ಹಕ್ಕಿ, ಹಂದಿ, ಮನುಷ್ಯರ ವೈರಸ್ಸುಗಳು ಬೆರೆತು, ಬಹುಪಾಲು ಜನರ ದೇಹಕ್ಕೆ ಪರಿಚಯವಿಲ್ಲದ ಹೊಸ ತಳಿಯೊಂದು ಹುಟ್ಟುತ್ತದೆ. 1957ರಲ್ಲಿಯೂ 2009ರಲ್ಲಿಯೂ ಆದದ್ದು ಇದೇ. ಹೊಸ ತಳಿಗೆ ತಕ್ಕ ಲಸಿಕೆ ಸಿದ್ಧವಾಗಲು ತಿಂಗಳುಗಳೇ ಬೇಕು. ಆ ನಡುವಣ ಅವಧಿಯಲ್ಲಿ ಸಮಾಜಕ್ಕಿರುವ ಮೀಸಲು ನಿಧಿಯೆಂದರೆ ತರಬೇತಿ ಪಡೆದ ಆಸ್ಪತ್ರೆಯ ಸಿಬ್ಬಂದಿ.

2009ರಲ್ಲಿ ಚಿಂಚಪೋಕಳಿಯ ಕಸ್ತೂರಬಾ ಆಸ್ಪತ್ರೆಯ ಮುಂದೆ ಪರೀಕ್ಷೆಗಾಗಿ ಉದ್ದುದ್ದ ಸಾಲುಗಳು ನಿಂತವು. ಅಂತಹ ಸಾಲಿನಲ್ಲಿ ಸಾಮಾನ್ಯ ನೆಗಡಿಯವರೂ ನಿಜವಾದ ರೋಗಿಗಳೂ ಒಬ್ಬರಿಗೊಬ್ಬರು ತಾಗಿ ನಿಲ್ಲುತ್ತಾರೆ. ಆದುದರಿಂದ ಸಿದ್ಧತೆಯು ಬಾಗಿಲಲ್ಲಿಯೇ ಆರಂಭವಾಗಬೇಕು. ಕೆಮ್ಮುವವರಿಗೆ ಮುಖಗವಸು ಕೊಟ್ಟು ಬೇರೆಡೆ ಕೂರಿಸುವುದು, ಉಸಿರಾಟದ ಕಷ್ಟವುಳ್ಳವರನ್ನೂ ಗರ್ಭಿಣಿಯರನ್ನೂ ಮೊದಲು ನೋಡುವುದು, ಅಗತ್ಯವಿದ್ದವರಿಗೆ ಒಸೆಲ್ಟಾಮಿವಿರ್ ಮಾತ್ರೆಯನ್ನು ಸಾಧ್ಯವಾದರೆ 48 ಗಂಟೆಯೊಳಗೆ ಆರಂಭಿಸುವುದು, ಇವು ಅಲ್ಲಿಯ ಕೆಲಸಗಳು. ರಕ್ಷಣೆಯ ಉಡುಪನ್ನು ತೊಡುವುದಕ್ಕಿಂತ ಕಳಚುವುದರಲ್ಲಿ ಹೆಚ್ಚು ಎಚ್ಚರ ಬೇಕು: ಮೊದಲು ಕೈಗವಸು, ಕಟ್ಟಕಡೆಗೆ ಮುಖಗವಸು, ಬಳಿಕ ಸಾಬೂನಿನಿಂದ ಕೈ ತೊಳೆಯುವುದು. ಇದು ಓದಿ ಬರುವ ವಿದ್ಯೆಯಲ್ಲ, ಮಾಡಿ ಬರುವ ಅಭ್ಯಾಸ.

ಈ ಶಿಕ್ಷಣವು ವೈದ್ಯರಿಗೂ ದಾದಿಯರಿಗೂ ಮಾತ್ರ ಮೀಸಲಾಗಬಾರದು. ಚೀಟಿ ಬರೆಯುವವನು, ವಾರ್ಡಿನ ಆಯಾ, ನೆಲ ಒರೆಸುವವಳು, ಇವರೆಲ್ಲ ಅದೇ ಗಾಳಿಯನ್ನು ಉಸಿರಾಡುವವರು. ಜ್ವರ ಬಂದ ನೌಕರನು ಕೂಲಿ ತಪ್ಪೀತೆಂಬ ಭಯದಿಂದ ಕೆಲಸಕ್ಕೆ ಬಂದರೆ ರೋಗವು ಆಸ್ಪತ್ರೆಯಿಂದಲೇ ಊರಿಗೆ ಹೊರಡುತ್ತದೆ. ಸಂಬಳಸಹಿತ ರಜೆಯೂ ಇಲ್ಲಿ ಒಂದು ಔಷಧವೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬುದು ಹಳೆಯ ಮಾತು. ಈ ಬಾವಿಯನ್ನು ಪ್ರತಿವರ್ಷ ಮಳೆಗಾಲಕ್ಕೆ ಮುನ್ನವೇ ತೋಡಿಡಬೇಕು.