ಒಣ ಚರ್ಮಕ್ಕೆ ಎಷ್ಟು ಯೂರಿಯಾ?

ಯೂರಿಯಾ ಎಂದೊಡನೆ ನಮಗೆ ನೆನಪಾಗುವುದು ಸೊಸೈಟಿ ಮುಂದಿನ ಸಾಲು, ಬೇವು ಲೇಪಿತ ಗೊಬ್ಬರದ ಚೀಲ. ಅದೇ ಹೆಸರು ಮೆಡಿಕಲ್ ಶಾಪಿನ ಕ್ರೀಮಿನ ಮೇಲೆ ಕಂಡರೆ ಅನೇಕರು ಹಿಂಜರಿಯುತ್ತಾರೆ. ಮೂತ್ರದಿಂದ ತೆಗೆದದ್ದೇ ಎಂದು ಕೇಳುವವರೂ ಉಂಟು. ಅಲ್ಲವೇ ಅಲ್ಲ. 1828ರಲ್ಲೇ ಜರ್ಮನಿಯ ಫ್ರೆಡ್ರಿಕ್ ವೋಲರ್ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ತೋರಿಸಿದ್ದರು. ಈಗ ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್‌ನಿಂದ ಕಾರ್ಖಾನೆಗಳಲ್ಲಿ ಮಾಡುತ್ತಾರೆ.

ಚರ್ಮಕ್ಕೆ ಯೂರಿಯಾ ಹೊಸಬನಲ್ಲ. ಚರ್ಮದ ತೀರಾ ಮೇಲಿನ ಪದರದಲ್ಲಿ ನೀರನ್ನು ಹಿಡಿದಿಡುವ ಅಂಶಗಳಿವೆ. ಅವುಗಳಲ್ಲಿ ಸುಮಾರು ಶೇ 7ರಷ್ಟು ಯೂರಿಯಾ. ಇಸುಬು ಇರುವವರ ಚರ್ಮದಲ್ಲಿ ಇದು ಕಡಿಮೆ ಇರುತ್ತದೆ. ಮೈಮೇಲೆ ಮೀನಿನಂತೆ ಪೊರೆ ಏಳುವ ಇಕ್ತಿಯೋಸಿಸ್ ಎಂಬ ಕಾಯಿಲೆಗೆ ಯೂರಿಯಾ ಕ್ರೀಮ್ ನೆರವಾಗುತ್ತದೆಂದು ಸ್ವೀಡನ್ನಿನ ವೈದ್ಯ ಗುನ್ನಾರ್ ಸ್ವಾನ್‌ಬೆಕ್ 1968ರಲ್ಲಿ ಬರೆದರು. ಬಹುಪಾಲು ವಂಶದಿಂದ ಬರುವ, ಜೀವನಪೂರ್ತಿ ಆರೈಕೆ ಬೇಡುವ ಈ ಕಾಯಿಲೆಯವರಿಗೆ ಅಗ್ಗದ, ವಾಸನೆಯಿಲ್ಲದ ಇಂಥ ಮದ್ದು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಆದರೆ ಕೊಳ್ಳುವಾಗ ಹೆಸರಿಗಿಂತ ಮುಖ್ಯವಾಗಿ ನೋಡಬೇಕಾದ್ದು ಅದರ ಪಕ್ಕದ ಶೇಕಡಾ ಅಂಕಿ. ಶೇ 5ರಿಂದ 10ರಷ್ಟಿದ್ದರೆ ಯೂರಿಯಾ ಚರ್ಮದಲ್ಲಿ ತೇವ ಉಳಿಸುತ್ತದೆ. ಚಳಿಗಾಲದಲ್ಲಿ ಬಿಳಿಚಿಕೊಂಡು ಹೊಟ್ಟೇಳುವ ಮೊಣಕಾಲು, ಮೊಣಕೈಗಳಿಗೆ ಇಷ್ಟು ಸಾಕು. ಪ್ರಮಾಣ ಹೆಚ್ಚಿದಂತೆ ಸತ್ತ ಪದರದ ಕೆರಾಟಿನ್ ಎಂಬ ಪ್ರೋಟೀನಿನ ಬಿಗಿ ಸಡಿಲಿಸಿ, ಪೊರೆ ಬಿಡಿಸತೊಡಗುತ್ತದೆ. ದಡ್ಡುಗಟ್ಟಿದ ಹಿಮ್ಮಡಿಗೆ ಶೇ 20–25ರದ್ದು ಬೇಕಾಗುವುದು ಅದಕ್ಕೇ. ಶೇ 40ರದ್ದು ದಪ್ಪಗಟ್ಟಿದ ಉಗುರನ್ನೂ ಮೆತ್ತಗಾಗಿಸುವಷ್ಟು ತೀಕ್ಷ್ಣ. ಅದನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಹಿಮ್ಮಡಿಗೆಂದು ತಂದ ಕ್ರೀಮನ್ನೇ ಮುಖಕ್ಕೂ ಮಗುವಿನ ಕೆನ್ನೆಗೂ ಹಚ್ಚುವುದಂತೂ ಕೂಡದು.

ಸ್ನಾನವಾದ ಮೇಲೆ ಮೈ ಪೂರ್ತಿ ಆರುವ ಮುನ್ನ ಹಚ್ಚುವುದು ಒಳ್ಳೆಯದು. ರಾತ್ರಿ ಹಿಮ್ಮಡಿಗೆ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಬಹುದು. ಬರಿಗಾಲಲ್ಲಿ ಗದ್ದೆ, ಕಟ್ಟಡದ ಕೆಲಸ ಮಾಡುವ ಹೆಂಗಸರ ಹಿಮ್ಮಡಿ ರಕ್ತ ಜಿನುಗುವಷ್ಟು ಬಿರಿದಿರುತ್ತದೆ. ಆ ಬಿರುಕಿಗೆ ಯೂರಿಯಾ ತಾಗಿದರೆ ಸುರುಸುರು ಉರಿ. ಹೀಗಾಗಿ ಮೊದಲು ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಗಾಯ ಮುಚ್ಚಿಕೊಳ್ಳಲು ಬಿಡಬೇಕು, ಆಮೇಲೆ ಈ ಕ್ರೀಮು. ಸಕ್ಕರೆ ಕಾಯಿಲೆಯವರು ಕಾಲ್ಬೆರಳ ಸಂದಿಗೆ ಹಚ್ಚಬಾರದು. ಪಾದದಲ್ಲಿ ಸಣ್ಣ ಬಿರುಕು ಕಂಡರೂ ವೈದ್ಯರಿಗೆ ತೋರಿಸಬೇಕು.

ಮನೆಯಲ್ಲೇ ಗೊಬ್ಬರದ ಯೂರಿಯಾ ಕರಗಿಸಿ ಹಚ್ಚಿಕೊಂಡರೆ ಆಗದೇ ಎಂದರೆ, ಖಂಡಿತ ಬೇಡ. ಅದರ ಶುದ್ಧತೆ ಹೊಲಕ್ಕೆ ತಕ್ಕದ್ದು, ಮೈಗಲ್ಲ. ಮೇಲಾಗಿ ನೀರಿನಲ್ಲಿ ಯೂರಿಯಾ ನಿಧಾನವಾಗಿ ಒಡೆದು ಅಮೋನಿಯಾ ಬಿಡುತ್ತದೆ. ಔಷಧದ ಕ್ರೀಮಿನಲ್ಲಿ ಇದನ್ನು ತಡೆಯುವ ಏರ್ಪಾಡು ಇರುತ್ತದೆ. ಹಾಗಿದ್ದೂ ಹಳೆಯ ಟ್ಯೂಬಿನಿಂದ ಘಾಟು ವಾಸನೆ ಬಂದರೆ ಎಸೆದು ಹೊಸದು ತನ್ನಿ.